ಪರದೇಶದಲ್ಲಿ ಹಿರಿಯ ಮಿಷನರಿಗಳ ಬದುಕು: ಪದೇ ಪದೇ ಕೇಳುವ ಪ್ರಶ್ನೆಗಳು

ಕೆಲಸದಿಂದ ನಿವೃತ್ತರಾಗಿ, ಮಕ್ಕಳ ಮದುವೆ ಮುಗಿಸಿ, ಇನ್ನು ಆರಾಮವಾಗಿರಬಹುದು ಎನ್ನುವ ವಯಸ್ಸಿನಲ್ಲಿ ಮನೆಗೆ ಬೀಗ ಹಾಕಿ ಗೊತ್ತಿಲ್ಲದ ದೇಶಕ್ಕೆ ಹೊರಡುವವರಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಸಿಟಿಯಲ್ಲಿ ಮುಖ್ಯ ಕಚೇರಿ ಇರುವ 'ದ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್' ಸಭೆಯ ಹಿರಿಯ ಮಿಷನರಿಗಳ ಬಗ್ಗೆ ಇಲ್ಲಿ ಬರೆದಿದ್ದೇನೆ. ಹೊರಡುವವರು ಕೇಳುವ ಪ್ರಶ್ನೆಗಳೂ ಅವರನ್ನು ಕಳಿಸಿಕೊಡುವ ಮಕ್ಕಳು ಕೇಳುವ ಪ್ರಶ್ನೆಗಳೂ ಇದರಲ್ಲಿ ಸೇರಿವೆ. ಸೇವೆಯ ಹಿರಿಮೆಯನ್ನು ಹೇಳುವವರು ಬಹಳ ಮಂದಿ ಇದ್ದಾರೆ. ಮಾತ್ರೆ, ವಿಮೆ, ಮೊಮ್ಮಕ್ಕಳ ನೆನಪು, ಬೇಸರದ ಮಧ್ಯಾಹ್ನಗಳ ಬಗ್ಗೆ ಮಾತಾಡುವವರು ಕಡಿಮೆ. ಅದಕ್ಕೇ ಇಲ್ಲಿ ಅವುಗಳಿಗೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಹಿರಿಯ ಮಿಷನರಿ ಎಂದರೆ ಯಾರು?

ಮಿಷನರಿ ಎಂದ ಕೂಡಲೇ ಕನ್ನಡ ಓದುಗರಿಗೆ ಬಾಸೆಲ್ ಮಿಷನ್ ನೆನಪಾಗುವುದು ಸಹಜ. ಅವರಲ್ಲಿ ಅನೇಕರು ಎಳೆಯ ವಯಸ್ಸಿನಲ್ಲಿ ಹಡಗು ಹತ್ತಿ ಬಂದು ದಶಕಗಳ ಕಾಲ ಇಲ್ಲೇ ಉಳಿದವರು. ಈ ಹಿರಿಯ ಮಿಷನರಿಗಳ ದಾರಿ ಬೇರೆ. ಇವರು ಜೀವನದ ದುಡಿಮೆ ಮುಗಿಸಿಕೊಂಡು ಒಂದಿಷ್ಟು ತಿಂಗಳಿಗೆಂದು ಹೋಗಿ ಮತ್ತೆ ತಮ್ಮ ಮನೆಗೇ ಮರಳುವವರು. ಹೆಚ್ಚಿನವರು ದಂಪತಿಗಳು. ಮನೆಯಲ್ಲಿ 18 ವರ್ಷದೊಳಗಿನ, ತಮ್ಮನ್ನೇ ನಂಬಿಕೊಂಡ ಮಕ್ಕಳಿರಬಾರದು. 40 ದಾಟಿದ ಒಂಟಿ ಮಹಿಳೆಯರೂ ಹೋಗುತ್ತಾರೆ. ಗಂಡಸರನ್ನು 'ಎಲ್ಡರ್' ಎಂದೂ ಹೆಂಗಸರನ್ನು 'ಸಿಸ್ಟರ್' ಎಂದೂ ಮನೆತನದ ಹೆಸರಿನ ಜೊತೆ ಸೇರಿಸಿ ಕರೆಯುತ್ತಾರೆ. ಎದೆಯ ಮೇಲೆ ಕಪ್ಪು ಹೆಸರುಪಟ್ಟಿ ಇರುತ್ತದೆ. ನಲವತ್ತು ವರ್ಷ ಡಾಕ್ಟರ್, ಮ್ಯಾನೇಜರ್, ಮೇಷ್ಟ್ರು ಎಂದು ಕರೆಸಿಕೊಂಡವರಿಗೆ ಈ ಹೊಸ ಕರೆ ಒಗ್ಗಿಹೋಗಲು ಕೆಲವು ವಾರ ಹಿಡಿಯುತ್ತದೆ.

ಎಷ್ಟು ಕಾಲ ಇರಬೇಕು?

6, 12, 18 ಅಥವಾ 23 ತಿಂಗಳು. ಎಷ್ಟು ಎನ್ನುವುದನ್ನು ಅರ್ಜಿ ಹಾಕುವಾಗ ಅವರೇ ಹೇಳಬಹುದು. ನನ್ನನ್ನು ಕೇಳಿದರೆ, ಆರೋಗ್ಯ ಒಪ್ಪುವುದಾದರೆ ಹೊರದೇಶಕ್ಕೆ 18 ತಿಂಗಳು ಒಳ್ಳೆಯದು. ಮೊದಲ ಮೂರು ತಿಂಗಳು ದಾರಿ, ಅಂಗಡಿ, ಜನರ ಹೆಸರು ಕಲಿಯುವುದರಲ್ಲೇ ಕಳೆದುಹೋಗುತ್ತದೆ. ಆರು ತಿಂಗಳಿಗೆ ಹೋದವರು ಕೆಲಸ ಕೈಗೆ ಹತ್ತುವ ಹೊತ್ತಿಗೆ ಪೆಟ್ಟಿಗೆ ಕಟ್ಟಬೇಕಾಗುತ್ತದೆ.

ಈ ವಯಸ್ಸಿನಲ್ಲಿ ಬಿಸಿಲಲ್ಲಿ ಮನೆಮನೆಯ ಬಾಗಿಲು ತಟ್ಟಬೇಕೆ?

ಬೇಕಿಲ್ಲ. ಎಷ್ಟೋ ದಂಪತಿಗಳು ಇದೇ ಭಯಕ್ಕೆ ಹಿಂಜರಿಯುತ್ತಾರೆ. ಬಾಗಿಲು ತಟ್ಟಬೇಕಾಗಿಲ್ಲ, ಇದೇ ಸಭೆಯ 19ರ ವಯಸ್ಸಿನ ಯುವ ಮಿಷನರಿಗಳ ವೇಳಾಪಟ್ಟಿಯನ್ನೂ ಪಾಲಿಸಬೇಕಾಗಿಲ್ಲ ಎಂದು 2011ರ ಅಕ್ಟೋಬರ್ ಮಹಾಸಮ್ಮೇಳನದಲ್ಲಿ ಸಭೆಯ ನಾಯಕರು ಬಹಿರಂಗವಾಗಿಯೇ ಹೇಳಿದರು. ಯುವಕರಿಗೆ ಬೆಳಿಗ್ಗೆ ಏಳುವ ಹೊತ್ತಿನಿಂದ ರಾತ್ರಿ ಮಲಗುವ ಹೊತ್ತಿನವರೆಗೆ ನಿಯಮವಿದೆ. ಹಿರಿಯರು ತಮ್ಮ ಶಕ್ತಿ ನೋಡಿಕೊಂಡು ದಿನವನ್ನು ತಾವೇ ಹೊಂದಿಸಿಕೊಳ್ಳುತ್ತಾರೆ. ಮಧ್ಯಾಹ್ನ ಒಂದು ಗಂಟೆ ಮಲಗಿದರೆ ಯಾರೂ ಆಕ್ಷೇಪಿಸುವುದಿಲ್ಲ.

ಹಾಗಾದರೆ ಇಡೀ ದಿನ ಏನು ಮಾಡುತ್ತಾರೆ?

ಯಾವ ಕೆಲಸಕ್ಕೆ ಕರೆ (ಸಭೆಯ ನೇಮಕ) ಬಂದಿದೆ ಎನ್ನುವುದರ ಮೇಲೆ ಹೋಗುತ್ತದೆ. ಮಿಷನ್ (ಒಂದು ಪ್ರದೇಶದ ಮಿಷನರಿಗಳನ್ನು ನೋಡಿಕೊಳ್ಳುವ ಘಟಕ) ಕಚೇರಿಯ ಕೆಲಸದಿಂದ ಶುರು ಮಾಡೋಣ, ಏಕೆಂದರೆ ಎಲ್ಲಕ್ಕಿಂತ ಕಡಿಮೆ ಮೆಚ್ಚುಗೆ ಸಿಗುವುದು ಅದಕ್ಕೆ. ನೂರಾರು ಯುವ ಮಿಷನರಿಗಳ ವೀಸಾ ಮುಗಿಯುವ ತಾರೀಕು ನೋಡಿಕೊಳ್ಳುವುದು, ಅವರ ಬಾಡಿಗೆ ಮನೆಗಳ ಕರಾರು ಮಾಡಿಸುವುದು, ಕರೆಂಟು ನೀರಿನ ಬಿಲ್ಲು ಕಟ್ಟುವುದು, ಕಾರುಗಳನ್ನು ಸರ್ವಿಸಿಗೆ ಬಿಡುವುದು, ಬಂದ ಅಂಚೆ ಹಂಚುವುದು, ವಿಮಾನ ನಿಲ್ದಾಣಕ್ಕೆ ಹೋಗಿ ಹೊಸಬರನ್ನು ಕರೆತರುವುದು, ಹಳಬರನ್ನು ಬೀಳ್ಕೊಡುವುದು. ನೀರಿನ ಪೈಪು ಒಡೆದಿದೆ, ಮಾಲೀಕ ಫೋನ್ ಎತ್ತುತ್ತಿಲ್ಲ ಎಂದು ರಾತ್ರಿ ಒಂಬತ್ತಕ್ಕೆ ಕರೆ ಬಂದರೆ ಅದೂ ಇವರ ಪಾಲೇ. ಒಂದು ವೀಸಾ ಕಾಗದ ತಪ್ಪಿದರೆ ಒಬ್ಬ ಹುಡುಗ ದೇಶ ಬಿಡಬೇಕಾಗುತ್ತದೆ. ಇಂಥ ಲೆಕ್ಕಾಚಾರದ ಕೆಲಸಕ್ಕೆ ವರ್ಷಗಳ ಕಾಲ ಕಚೇರಿ ನಡೆಸಿದವರ ಕೈಯೇ ಬೇಕು.

ಎರಡನೆಯದು ಊರಿನ ಸಣ್ಣ ಸಭೆಗಳಿಗೆ ಬೆಂಬಲವಾಗಿ ನಿಲ್ಲುವುದು. ಸಭೆ ಹೊಸದಾಗಿರುವ ಕಡೆ ಇಪ್ಪತ್ತು ಮೂವತ್ತು ಮಂದಿಯ ಬ್ರಾಂಚ್‌ಗಳಿರುತ್ತವೆ. ಅದರ ಅಧ್ಯಕ್ಷ ಮೂವತ್ತು ವರ್ಷದ ಯುವಕನಾಗಿರಬಹುದು, ನಾಲ್ಕೈದು ವರ್ಷದ ಹಿಂದಷ್ಟೇ ಸದಸ್ಯನಾಗಿರಬಹುದು. ಲೆಕ್ಕ ಬರೆಯುವುದು ಹೇಗೆ, ಮಕ್ಕಳ ತರಗತಿ ನಡೆಸುವುದು ಹೇಗೆ, ಬರುವುದನ್ನು ನಿಲ್ಲಿಸಿದವರ ಮನೆಗೆ ಹೋಗಿ ಮಾತಾಡಿಸುವುದು ಹೇಗೆ ಎಂಬುದನ್ನು ಅವನ ಪಕ್ಕದಲ್ಲಿ ನಿಂತು ತೋರಿಸಬೇಕು. ತಾವೇ ಮಾಡಿಬಿಟ್ಟರೆ ಬೇಗ ಮುಗಿಯುತ್ತದೆ, ಆದರೆ ಇವರು ಹೊರಟ ಮಾರನೆಯ ದಿನ ಎಲ್ಲವೂ ನಿಂತುಹೋಗುತ್ತದೆ. ಹಿಂದೆ ಸರಿದು ನಿಲ್ಲುವುದನ್ನು ಕಲಿಯಲು ದೊಡ್ಡ ಹುದ್ದೆಗಳಲ್ಲಿದ್ದವರು ಬಹಳ ಒದ್ದಾಡುತ್ತಾರೆ.

ಇನ್ನು ಮಾನವೀಯ ನೆರವಿನ ಕೆಲಸ. ಕುಡಿಯುವ ನೀರಿನ ಯೋಜನೆ, ಗಾಲಿಕುರ್ಚಿ ಹಂಚುವುದು, ಕಣ್ಣಿನ ಚಿಕಿತ್ಸೆಗೆ ನೆರವು, ಹುಟ್ಟಿದ ಕೂಡಲೇ ಉಸಿರಾಡದ ಶಿಶುಗಳನ್ನು ಬದುಕಿಸಲು ಸೂಲಗಿತ್ತಿಯರಿಗೆ ಮತ್ತು ನರ್ಸ್‌ಗಳಿಗೆ ತರಬೇತಿ. ಈ ತರಬೇತಿಯಲ್ಲಿ ಹುಟ್ಟಿದ ಮೊದಲ ಒಂದು ನಿಮಿಷವನ್ನು 'ಚಿನ್ನದ ನಿಮಿಷ' ಎನ್ನುತ್ತಾರೆ. ಅಷ್ಟರಲ್ಲಿ ಮಗುವನ್ನು ಒರೆಸಿ, ಬೆಚ್ಚಗಿಟ್ಟು, ಬೆನ್ನು ಉಜ್ಜಿ, ಬೇಕಾದರೆ ಬ್ಯಾಗ್ ಮತ್ತು ಮಾಸ್ಕ್‌ನಿಂದ ಗಾಳಿ ಕೊಡಬೇಕು. ನಿವೃತ್ತ ವೈದ್ಯರಿಗೂ ದಾದಿಯರಿಗೂ ಇದಕ್ಕಿಂತ ತೃಪ್ತಿಯ ಕೆಲಸ ಸಿಗುವುದು ಕಷ್ಟ. ಆದರೆ ದಿನದ ಬಹುಪಾಲು ಹೊತ್ತು ಹೋಗುವುದು ಸರ್ಕಾರಿ ಕಚೇರಿಗಳ ಬೆಂಚಿನ ಮೇಲೆ, ಸಹಿಗಾಗಿ ಕಾಯುವುದರಲ್ಲಿ. ಅದನ್ನು ತಿಳಿದೇ ಹೋಗಬೇಕು.

ಹಳೆಯ ದಾಖಲೆ ಉಳಿಸುವ ಕೆಲಸ ನನಗೆ ವೈಯಕ್ತಿಕವಾಗಿ ತುಂಬ ಇಷ್ಟ. ವಂಶಾವಳಿಗಾಗಿ ದಾಖಲೆಗಳನ್ನು ಮೈಕ್ರೋಫಿಲ್ಮ್‌ಗೆ ಇಳಿಸುವ ಕೆಲಸವನ್ನು ಈ ಸಭೆ 1938ರಲ್ಲಿ ಶುರುಮಾಡಿತು. ಆ ಫಿಲ್ಮ್‌ಗಳನ್ನು ಸಾಲ್ಟ್ ಲೇಕ್ ಸಿಟಿಯ ಹತ್ತಿರ ಗ್ರಾನೈಟ್ ಬೆಟ್ಟವೊಂದನ್ನು ಕೊರೆದು ಕಟ್ಟಿದ ಭಂಡಾರದಲ್ಲಿ ಇಟ್ಟಿದ್ದಾರೆ. ಈಗ ಹಿರಿಯ ದಂಪತಿಗಳು ಬೇರೆ ಬೇರೆ ದೇಶಗಳ ದಾಖಲೆ ಸಂಗ್ರಹಾಲಯಗಳಲ್ಲಿ ಡಿಜಿಟಲ್ ಕ್ಯಾಮೆರಾ ಇಟ್ಟುಕೊಂಡು ಜನನ, ಮದುವೆ, ಮರಣದ ಪುಸ್ತಕಗಳನ್ನು ಪುಟ ಪುಟವಾಗಿ ಚಿತ್ರ ತೆಗೆಯುತ್ತಾರೆ. ಒಬ್ಬರು ಪುಟ ಮಗುಚುತ್ತಾರೆ, ಇನ್ನೊಬ್ಬರು ಚಿತ್ರ ಸರಿ ಬಂದಿದೆಯೇ ನೋಡುತ್ತಾರೆ. ಧೂಳು, ಬೆನ್ನು ನೋವು, ಒಂದೇ ಬಗೆಯ ಕೆಲಸ. ಮಾತು ಕಡಿಮೆ ಆಡುವ ಸ್ವಭಾವದವರಿಗೆ ಹೇಳಿ ಮಾಡಿಸಿದಂಥದ್ದು.

ಇವಲ್ಲದೆ ಈ ಸಭೆಯ ದೇವಾಲಯಗಳ (ಟೆಂಪಲ್‌ಗಳ) ಸೇವೆ, ಯುವಜನರ ಧಾರ್ಮಿಕ ಶಿಕ್ಷಣ, ಯುವ ಮಿಷನರಿಗಳಿಗೆ ವೈದ್ಯಕೀಯ ಮತ್ತು ಮಾನಸಿಕ ಆರೋಗ್ಯದ ಸಲಹೆ, ಕಾನೂನು ಸಲಹೆ ಮುಂತಾದವೂ ಇವೆ.

ದೇಶವನ್ನು ನಾವೇ ಆರಿಸಬಹುದೆ?

ಇಷ್ಟ ತಿಳಿಸಬಹುದು. ಅವಕಾಶಗಳ ಪಟ್ಟಿ ನೋಡಿ ಇಂಥ ಕೆಲಸ, ಇಂಥ ಪ್ರದೇಶ ಎಂದು ಅರ್ಜಿಯಲ್ಲಿ ಬರೆಯಬಹುದು. ಕೊನೆಯ ತೀರ್ಮಾನ ಸಭೆಯದು. ಎತ್ತರದ ಊರು ಬೇಡ, ಸೆಕೆ ತಡೆಯುವುದಿಲ್ಲ, ಹತ್ತಿರದಲ್ಲಿ ಹೃದಯದ ಆಸ್ಪತ್ರೆ ಇರಬೇಕು ಎನ್ನುವುದನ್ನು ಮುಚ್ಚಿಡದೆ ಬರೆಯಿರಿ. ಬೊಲಿವಿಯಾದ ಲಾ ಪಾಜ್ ಸುಮಾರು 3,600 ಮೀಟರ್ ಎತ್ತರದಲ್ಲಿದೆ. ಶ್ವಾಸಕೋಶದ ತೊಂದರೆ ಇರುವವರಿಗೆ ಅಲ್ಲಿ ಮೆಟ್ಟಿಲು ಹತ್ತುವುದೇ ಕಷ್ಟ.

ಖರ್ಚು ಯಾರು ಕೊಡುತ್ತಾರೆ?

ಅವರೇ. ಸಂಬಳ ಇಲ್ಲ. ಮನೆ ಬಾಡಿಗೆ, ಊಟ, ಓಡಾಟ ಎಲ್ಲ ಸ್ವಂತ ಉಳಿತಾಯ ಅಥವಾ ಪಿಂಚಣಿಯಿಂದ ನಡೆಯಬೇಕು. ಕೆಲವು ಊರುಗಳಲ್ಲಿ ಬಾಡಿಗೆ ತುಂಬ ದುಬಾರಿಯಾದ್ದರಿಂದ 2011ರಲ್ಲಿ ವಸತಿಯ ಖರ್ಚಿಗೆ ತಿಂಗಳಿಗೆ 1,400 ಡಾಲರಿನ ಮಿತಿ ಹಾಕಿದರು. ಅದಕ್ಕಿಂತ ಹೆಚ್ಚಾದದ್ದನ್ನು ಸಭೆ ಭರಿಸುವ ಏರ್ಪಾಡಾಯಿತು. ಮಿತಿಯ ಈಗಿನ ಮೊತ್ತವನ್ನು ಅರ್ಜಿ ಹಾಕುವಾಗಲೇ ಕೇಳಿ ತಿಳಿಯಿರಿ. ಹೊರದೇಶಕ್ಕೆ 18 ತಿಂಗಳಿಗಿಂತ ಕಡಿಮೆ ಅವಧಿಗೆ ಹೋಗುವವರು ಹೋಗಿಬರುವ ಟಿಕೆಟ್ಟನ್ನೂ ತಾವೇ ಕೊಳ್ಳಬೇಕು ಎಂಬುದೂ ಆಗಿನ ನಿಯಮವೇ.

ಲೆಕ್ಕ ಹಾಕುವಾಗ ಎರಡು ಮನೆಯ ಖರ್ಚು ಹಾಕಿ. ಊರಲ್ಲಿರುವ ಮನೆಯ ತೆರಿಗೆ, ವಿಮೆ, ದುರಸ್ತಿ ನಿಲ್ಲುವುದಿಲ್ಲ. ಮನೆಯಲ್ಲಿ ಬಹಳ ದಿನ ಯಾರೂ ವಾಸವಿಲ್ಲದಿದ್ದರೆ ಮನೆ ವಿಮೆ ಕೆಲವು ನಷ್ಟಗಳಿಗೆ ಹಣ ಕೊಡದೇ ಇರಬಹುದು. ಹೊರಡುವ ಮೊದಲು ವಿಮೆಯ ಕರಾರುಪತ್ರ ತೆಗೆದು ಓದಿ, ಮಗನಿಗೋ ಮಗಳಿಗೋ ಅಧಿಕಾರಪತ್ರ ಬರೆದುಕೊಟ್ಟು ಹೋಗಿ.

ಭಾಷೆ ಬರುವುದಿಲ್ಲ. ಹೇಗೆ?

ಹಿರಿಯರು ಭಾಷೆ ಕಲಿತೇ ಹೋಗಬೇಕೆಂಬ ಕಡ್ಡಾಯ ಸಾಮಾನ್ಯವಾಗಿ ಇಲ್ಲ. ಇಂಗ್ಲಿಷ್ ನಡೆಯುವ ಕಡೆ ಕಳಿಸುತ್ತಾರೆ, ಇಲ್ಲವೇ ಯುವ ಮಿಷನರಿಗಳು ಅನುವಾದ ಮಾಡುತ್ತಾರೆ. ಆದರೂ ಸಭೆಯಲ್ಲಿ ಎರಡು ಗಂಟೆ ಕೂತು ಒಂದು ಮಾತೂ ಅರ್ಥವಾಗದೆ ಎದ್ದು ಬರುವ ಭಾನುವಾರಗಳು ಮನಸ್ಸನ್ನು ಕುಗ್ಗಿಸುತ್ತವೆ. ಜೀವನವಿಡೀ ಮಾತಿನಿಂದಲೇ ಬದುಕಿದ ಶಿಕ್ಷಕರಿಗೆ, ವಕೀಲರಿಗೆ ಇದು ಇನ್ನೂ ಹೆಚ್ಚು.

ಇಷ್ಟನ್ನಾದರೂ ಕಲಿತು ಹೋಗಿ: ನಮಸ್ಕಾರ, ಧನ್ಯವಾದ, ಕ್ಷಮಿಸಿ, ನಿಮ್ಮ ಹೆಸರೇನು, ಮಕ್ಕಳು ಹೇಗಿದ್ದಾರೆ. ಕೊನೆಯದನ್ನು ಬಿಡಬೇಡಿ. ಒಬ್ಬ ಅಜ್ಜಿ ಇನ್ನೊಬ್ಬ ಅಜ್ಜಿಯ ಹತ್ತಿರ ಮಕ್ಕಳು ಹೇಗಿದ್ದಾರೆ ಎಂದು ತಪ್ಪು ಉಚ್ಚಾರದಲ್ಲಿ ಕೇಳಿದರೂ ಸಾಕು, ಆಮೇಲೆ ಫೋನಿನಲ್ಲಿರುವ ಫೋಟೋಗಳು ಹೊರಬರುತ್ತವೆ, ಅರ್ಧ ಗಂಟೆ ಹೋಗಿದ್ದೇ ತಿಳಿಯುವುದಿಲ್ಲ. ಹೆಸರುಗಳನ್ನು ಸಣ್ಣ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ. ಮುಂದಿನ ಭಾನುವಾರ ಹೆಸರು ಹಿಡಿದು ಕರೆದಾಗ ಅವರ ಮುಖ ನೋಡಿ.

ದಿನಾ ತೆಗೆದುಕೊಳ್ಳುವ ಮಾತ್ರೆಗಳನ್ನು ಏನು ಮಾಡುವುದು?

ಇಲ್ಲಿ ರಾಜಿ ಮಾಡಿಕೊಳ್ಳಲೇಬೇಡಿ. ಮಾತ್ರೆಯ ಕಂಪನಿ ಹೆಸರು ದೇಶದಿಂದ ದೇಶಕ್ಕೆ ಬದಲಾಗುತ್ತದೆ. ಒಳಗಿನ ಔಷಧಿಯ ಮೂಲ ಹೆಸರು ಮತ್ತು ಎಷ್ಟು ಮಿಲಿಗ್ರಾಂ ಎಂಬುದನ್ನು ಬರೆಸಿ, ವೈದ್ಯರ ಸಹಿ ಹಾಕಿಸಿ ಇಟ್ಟುಕೊಳ್ಳಿ. ಮಾತ್ರೆಗಳನ್ನು ಅಂಗಡಿಯಿಂದ ಬಂದ ಡಬ್ಬಿಯಲ್ಲೇ ಒಯ್ಯಿರಿ, ಕೈಚೀಲದಲ್ಲಿ ಇಡಿ.

ಕೆಲವು ದೇಶಗಳ ನಿಯಮ ಬಿಗಿ. ವೈದ್ಯರು ಬರೆದುಕೊಟ್ಟ ಔಷಧಿಯನ್ನು ಜಪಾನಿಗೆ ಒಂದು ತಿಂಗಳಿಗಾಗುವಷ್ಟು ಮಾತ್ರ ಹಾಗೇ ಒಯ್ಯಬಹುದು, ಹೆಚ್ಚು ಬೇಕಾದರೆ ಮೊದಲೇ ಅನುಮತಿಪತ್ರ ಪಡೆಯಬೇಕು. ಅಮೆರಿಕದಲ್ಲಿ ಸಿಗುವ ನೆಗಡಿ ಮಾತ್ರೆಗಳಲ್ಲಿರುವ ಸೂಡೋಎಫೆಡ್ರಿನ್ ಪ್ರಮಾಣ 10 ಶೇಕಡಾ ಮೀರಿದರೆ ಅಲ್ಲಿ ನಿಷೇಧ. ಹೋಗುವ ದೇಶದ ರಾಯಭಾರ ಕಚೇರಿಯನ್ನು ಕೇಳಿಯೇ ಪೆಟ್ಟಿಗೆ ಕಟ್ಟಿ.

ಇನ್ಸುಲಿನ್ ತೆಗೆದುಕೊಳ್ಳುವವರು ಇನ್ನೂ ತೆರೆಯದ ಸೀಸೆಗಳನ್ನು 2ರಿಂದ 8 ಡಿಗ್ರಿ ತಂಪಿನಲ್ಲಿ ಇಡಬೇಕು. ದಿನಕ್ಕೆ ಆರು ಗಂಟೆ ಕರೆಂಟು ಹೋಗುವ ಊರಿನಲ್ಲಿ ಫ್ರಿಜ್ಜನ್ನು ನಂಬಿ ಕೂರಲಾಗದು. ಐಸ್ ಪೆಟ್ಟಿಗೆ, ತಾಪಮಾನ ನೋಡುವ ಮೀಟರ್, ಜನರೇಟರ್ ಇರುವ ನೆರೆಮನೆ ಎಲ್ಲಿದೆ ಎಂಬ ತಿಳಿವಳಿಕೆ ಮೊದಲ ವಾರದಲ್ಲೇ ಬೇಕು. ನಿದ್ದೆಯಲ್ಲಿ ಉಸಿರಾಟಕ್ಕೆ ಯಂತ್ರ ಬಳಸುವವರು ಅದರ ಮೇಲೆ 100–240 ವೋಲ್ಟ್ ಎಂದು ಬರೆದಿದೆಯೇ ನೋಡಿಕೊಳ್ಳಿ. ಅಮೆರಿಕದ ಮನೆಗಳಲ್ಲಿ 120 ವೋಲ್ಟ್, ಯುರೋಪಿನಲ್ಲೂ ಆಫ್ರಿಕಾದ ಬಹುಪಾಲು ದೇಶಗಳಲ್ಲೂ 220ರಿಂದ 240.

ಲಸಿಕೆಗಳು?

ಹಳದಿ ಜ್ವರದ ಲಸಿಕೆ ಬಗ್ಗೆ ಮಾತ್ರ ಒಂದು ಎಚ್ಚರಿಕೆ. ಘಾನಾದಂಥ ದೇಶಗಳಿಗೆ ಅದರ ಪ್ರಮಾಣಪತ್ರವಿಲ್ಲದೆ ಒಳಗೆ ಬಿಡುವುದಿಲ್ಲ. ಆದರೆ 60 ದಾಟಿದವರು ಜೀವನದಲ್ಲಿ ಮೊದಲ ಸಲ ಈ ಲಸಿಕೆ ಹಾಕಿಸಿಕೊಂಡಾಗ ಗಂಭೀರ ಅಡ್ಡಪರಿಣಾಮದ ಸಾಧ್ಯತೆ ಎಳೆಯರಿಗಿಂತ ಹೆಚ್ಚು. ಅಪರೂಪ, ಆದರೂ ಅಲಕ್ಷಿಸುವಂತಿಲ್ಲ. ಪ್ರಯಾಣ ವೈದ್ಯಕೀಯ ತಿಳಿದ ಡಾಕ್ಟರ ಹತ್ತಿರ ಕೂತು ಮಾತಾಡಿ. ಹಿಂದೆ ಎಂದೋ ಹಾಕಿಸಿಕೊಂಡಿದ್ದರೆ ಲಸಿಕೆ ಬರೆದಿಟ್ಟ ಹಳೆಯ ಹಳದಿ ಪುಸ್ತಕ ಹುಡುಕಿ: 2016ರ ಜುಲೈನಿಂದ ಆ ಪ್ರಮಾಣಪತ್ರಕ್ಕೆ ಜೀವಮಾನವಿಡೀ ಮಾನ್ಯತೆ ಇದೆ.

ಮಲೇರಿಯಾ ಇರುವ ಕಡೆ ತಡೆಮಾತ್ರೆ ತಪ್ಪಿಸಬಾರದು. ಮೊದಲ ಎರಡು ತಿಂಗಳು ಎಲ್ಲರೂ ಶ್ರದ್ಧೆಯಿಂದ ನುಂಗುತ್ತಾರೆ, ಆಮೇಲೆ ಸ್ಥಳೀಯರು ಯಾರೂ ನುಂಗುತ್ತಿಲ್ಲವಲ್ಲ ಎಂದು ಬಿಡುತ್ತಾರೆ. ಅಲ್ಲಿಯೇ ಹುಟ್ಟಿ ಬೆಳೆದವರಿಗೆ ಸ್ವಲ್ಪ ಮಟ್ಟಿನ ರೋಗನಿರೋಧ ಬಂದಿರುತ್ತದೆ, ಹೊರಗಿನಿಂದ ಬಂದವರಿಗೆ ಇರುವುದಿಲ್ಲ. ಕುಡಿಯುವ ನೀರನ್ನು ಕುದಿ ಬಂದ ಮೇಲೆ ಒಂದು ನಿಮಿಷ ಕುದಿಸಿ. 2,000 ಮೀಟರಿಗಿಂತ ಎತ್ತರದ ಊರಾದರೆ ಮೂರು ನಿಮಿಷ.

ಅಮೆರಿಕದವರ ಮೆಡಿಕೇರ್ ಹೊರದೇಶದಲ್ಲಿ ನಡೆಯುತ್ತದೆಯೆ?

ಬಹುತೇಕ ನಡೆಯುವುದಿಲ್ಲ. 65 ದಾಟಿದ ಅಮೆರಿಕನ್ನರಿಗೆ ಈ ಸರ್ಕಾರಿ ವಿಮೆ ಸಿಗುತ್ತದೆ, ಆದರೆ ಕೆಲವು ವಿನಾಯಿತಿಗಳನ್ನು ಬಿಟ್ಟರೆ ದೇಶದ ಹೊರಗಿನ ಚಿಕಿತ್ಸೆಗೆ ಹಣ ಕೊಡುವುದಿಲ್ಲ. ಹಾಗಾಗಿ ಹೊರದೇಶಕ್ಕೆ ಹೋಗುವ ಹಿರಿಯರಿಗೆಂದೇ ಇರುವ ವೈದ್ಯಕೀಯ ವಿಮೆಗೆ ಸೇರಬೇಕಾಗುತ್ತದೆ.

ಇಲ್ಲಿ ಒಂದು ಗುಂಡಿ ಇದೆ. ಹೊರದೇಶದಲ್ಲಿ ಉಪಯೋಗವಿಲ್ಲವಲ್ಲ ಎಂದು ಮೆಡಿಕೇರ್‌ನ ಪಾರ್ಟ್ ಬಿ (ವೈದ್ಯರ ಭೇಟಿ, ಹೊರರೋಗಿ ಚಿಕಿತ್ಸೆಯ ಭಾಗ) ಕಂತನ್ನು ನಿಲ್ಲಿಸಿದವರು ಮರಳಿ ಸೇರುವಾಗ ದಂಡ ಕಟ್ಟಬೇಕಾಗಬಹುದು. ಬಿಟ್ಟ ಪ್ರತಿ ಪೂರ್ತಿ 12 ತಿಂಗಳಿಗೆ ಕಂತಿನ ಮೇಲೆ ಶೇಕಡಾ 10 ಹೆಚ್ಚು, ಅದೂ ಸಾಮಾನ್ಯವಾಗಿ ಮುಂದೆ ಇಡೀ ಜೀವನ. ಲಾಭರಹಿತ ಸಂಸ್ಥೆಯೊಂದರ ಮೂಲಕ ಕನಿಷ್ಠ 12 ತಿಂಗಳ ಕಾರ್ಯಕ್ರಮದಲ್ಲಿ ಹೊರದೇಶದಲ್ಲಿ ಸ್ವಯಂಸೇವೆ ಮಾಡಿ, ಆ ಅವಧಿಯಲ್ಲಿ ಬೇರೆ ಆರೋಗ್ಯ ವಿಮೆ ಇದ್ದವರಿಗೆ ದಂಡವಿಲ್ಲದೆ ಸೇರಲು ವಿಶೇಷ ಅವಕಾಶವಿದೆ. ಆರು ತಿಂಗಳ ಸೇವೆಗೆ ಹೋಗುವವರು ಈ ಅವಕಾಶದ ಹೊರಗೆ ಉಳಿಯುತ್ತಾರೆ. ಕಂತು ನಿಲ್ಲಿಸುವ ಮೊದಲು ಅಮೆರಿಕ ಸರ್ಕಾರದ ಸೋಷಿಯಲ್ ಸೆಕ್ಯುರಿಟಿ (ಪಿಂಚಣಿ) ಕಚೇರಿಯಲ್ಲಿ ಕೇಳಿ.

ಗಾಡಿ ಓಡಿಸಬೇಕಾಗುತ್ತದೆಯೆ?

ಹೆಚ್ಚಿನ ಕಡೆ ಹೌದು. ಅಮೆರಿಕದವರು ರಸ್ತೆಯ ಬಲಕ್ಕೆ ಓಡಿಸುವವರು. ಬ್ರಿಟನ್, ದಕ್ಷಿಣ ಆಫ್ರಿಕಾ, ಉಗಾಂಡಾ, ಫಿಜಿ, ಟೋಂಗಾ ಇವೆಲ್ಲ ಎಡಕ್ಕೆ. ಸಮೋವಾ ಕೂಡ 2009ರ ಸೆಪ್ಟೆಂಬರ್ 7ರಂದು ಬಲದಿಂದ ಎಡಕ್ಕೆ ಬದಲಾಯಿತು. ನಲವತ್ತು ಐವತ್ತು ವರ್ಷದ ಅಭ್ಯಾಸ ಒಂದು ವಾರದಲ್ಲಿ ಹೋಗುವುದಿಲ್ಲ. ನೇರ ರಸ್ತೆಯಲ್ಲಿ ತೊಂದರೆಯಾಗದು, ತಿರುವಿನಲ್ಲಿ ಕೈ ತಾನಾಗಿ ಹಳೆಯ ಕಡೆಗೆ ಹೋಗುತ್ತದೆ. ಮೊದಲ ತಿಂಗಳು ಪಕ್ಕದಲ್ಲಿ ಕೂತವರು ಪ್ರತಿ ತಿರುವಿನಲ್ಲೂ "ಎಡಕ್ಕೆ" ಎಂದು ಬಾಯಿಬಿಟ್ಟು ಹೇಳಲಿ, ಓಡಿಸುವವರು ಸಿಟ್ಟು ಮಾಡಿಕೊಳ್ಳದಿರಲಿ. ರಾತ್ರಿ ದೀಪವಿಲ್ಲದ ರಸ್ತೆಗಳಲ್ಲಿ ಹೋಗಬೇಡಿ. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಬಾಕಿಯಿದ್ದರೆ ಮುಗಿಸಿಕೊಂಡೇ ಹೊರಡಿ.

ಪ್ರೀತಿಯಿಂದ ಚಹಾ ಕೊಟ್ಟರೆ ಹೇಗೆ ಬೇಡ ಎನ್ನುವುದು?

ಈ ಸಭೆಯವರು ಚಹಾ, ಕಾಫಿ, ಮದ್ಯ, ತಂಬಾಕು ಮುಟ್ಟುವುದಿಲ್ಲ. ಆ ಬೋಧೆ 1833ರಷ್ಟು ಹಳೆಯದು. ಆದರೆ ಜಗತ್ತಿನ ಅರ್ಧ ಮನೆಗಳಲ್ಲಿ ಅತಿಥಿಯ ಕೈಗೆ ಮೊದಲು ಕೊಡುವುದೇ ಚಹಾ ಅಥವಾ ಕಾಫಿ. ಬೇಡ ಎಂದರೆ ಮನೆಯವರ ಮುಖ ಸಪ್ಪಗಾಗುತ್ತದೆ, ಅದು ನೋಡಿದವರಿಗೇ ಗೊತ್ತು.

ಚಹಾದ ಕಪ್ ಎದುರಿಗೆ ಬಂದ ಮೇಲೆ ತಳ್ಳಿದರೆ ನೋವಾಗುತ್ತದೆ. ಮನೆಗೆ ಕಾಲಿಡುವಾಗಲೇ "ತುಂಬ ಬಾಯಾರಿದೆ, ಒಂದು ಲೋಟ ಬಿಸಿನೀರು ಕೊಡಿ" ಎಂದು ಕೇಳಿಬಿಡಿ. ಕೇಳಿ ಪಡೆದದ್ದನ್ನು ಪೂರ್ತಿ ಕುಡಿಯಿರಿ. ಅವರು ಕೊಟ್ಟ ತಿಂಡಿಯನ್ನು ಇನ್ನೊಂದು ಸಲ ಬಡಿಸಿಕೊಳ್ಳಿ. ಕಾರಣ ಕೇಳಿದರೆ ಒಂದು ಮಾತಿನಲ್ಲಿ ಹೇಳಿ, ಉಪದೇಶ ಮಾಡಬೇಡಿ.

ಯುವ ಮಿಷನರಿಗಳಿಗೂ ಹಿರಿಯರಿಗೂ ಹೊಂದಾಣಿಕೆ ಹೇಗಿರುತ್ತದೆ?

ಹಿರಿಯರು ಹೋದ ಕಡೆಯಲ್ಲಿ ನಿಜವಾಗಿ ಉಳಿದುಬರುವ ಸಂಬಂಧ ಬಹುಮಟ್ಟಿಗೆ ಇದು. ಹದಿನೆಂಟು ಹತ್ತೊಂಬತ್ತರ ಮಕ್ಕಳು, ಮನೆಯಿಂದ ಮೊದಲ ಸಲ ದೂರ. ಬಟ್ಟೆಯ ಗುಂಡಿ ಹೊಲಿಯಲು ಬರದು, ಜ್ವರ ಬಂದರೆ ಎಷ್ಟು ನೀರು ಕುಡಿಯಬೇಕು ತಿಳಿಯದು, ಜೊತೆಗಾರನ ಜೊತೆ ಜಗಳವಾದರೆ ಯಾರಿಗೆ ಹೇಳಬೇಕೆಂದು ಗೊತ್ತಿಲ್ಲ. ಹಿರಿಯ ದಂಪತಿ ಅವರ ಮನೆಗಳ ತಪಾಸಣೆಗೆ ಹೋಗುವಾಗ ಚೀಲದಲ್ಲಿ ಬಿಸ್ಕತ್ತು ಇಟ್ಟುಕೊಂಡು ಹೋಗುತ್ತಾರೆ. ಒಲೆ ಸ್ವಚ್ಛವಿದೆಯೇ, ಹೊಗೆ ಎಚ್ಚರಿಕೆಯ ಯಂತ್ರಕ್ಕೆ ಬ್ಯಾಟರಿ ಇದೆಯೇ ಎಂದು ನೋಡುತ್ತಲೇ ಹುಡುಗನ ಕಣ್ಣನ್ನೂ ನೋಡುತ್ತಾರೆ. ನಿದ್ದೆ ಇಲ್ಲದ ಮುಖ, ತೂಕ ಇಳಿದ ಮೈ ಮೊದಲು ಕಾಣಿಸುವುದು ಅಜ್ಜಿಯ ಕಣ್ಣಿಗೇ. ಮಿಷನ್ ಅಧ್ಯಕ್ಷರಿಗೆ ಒಂದು ಮಾತು ಹೇಳಿ ಆ ಹುಡುಗನಿಗೆ ಸಮಯಕ್ಕೆ ಸರಿಯಾಗಿ ಸಹಾಯ ಸಿಗುವಂತೆ ಮಾಡಿದರೆ ಅಷ್ಟಕ್ಕೇ ಆ ತಿಂಗಳು ಸಾರ್ಥಕ ಎನ್ನುತ್ತೇನೆ.

ಒಂದು ಮಿತಿ ಇರಲಿ. ಮಕ್ಕಳ ಗುಟ್ಟು ಕೇಳಿದ್ದನ್ನು ಊರಿಗೆ ಬರೆಯುವ ಪತ್ರದಲ್ಲಿ ಹಾಕಬೇಡಿ. ಅವರ ತಂದೆತಾಯಿಗಳ ಜಾಗ ತುಂಬಲು ಹೋಗಬೇಡಿ.

ಗಂಡ ಹೆಂಡತಿ ದಿನವಿಡೀ ಒಟ್ಟಿಗೇ ಇದ್ದರೆ ಜಗಳವಾಗುವುದಿಲ್ಲವೆ?

ಆಗುತ್ತದೆ. ಮೂವತ್ತೈದು ವರ್ಷ ಬೆಳಿಗ್ಗೆ ಎಂಟಕ್ಕೆ ಹೊರಗೆ ಹೋಗಿ ಸಂಜೆ ಬರುತ್ತಿದ್ದವರು ಈಗ ಎರಡು ಕೋಣೆಯ ಮನೆ, ಒಂದೇ ಕಾರು, ಒಂದೇ ಮೇಜು ಹಂಚಿಕೊಳ್ಳಬೇಕು. ಒಬ್ಬರಿಗೆ ಕೆಲಸ ತುಂಬಿ ಇನ್ನೊಬ್ಬರಿಗೆ ಏನೂ ಇಲ್ಲದಿದ್ದರೆ ಕಷ್ಟ ದುಪ್ಪಟ್ಟು. ಗಂಡ ಕಚೇರಿಯ ಲೆಕ್ಕದಲ್ಲಿ ಮುಳುಗಿರುತ್ತಾನೆ, ಹೆಂಡತಿ ಪಕ್ಕದಲ್ಲಿ ಕಡತ ಜೋಡಿಸುತ್ತ ಕೂತಿರುತ್ತಾಳೆ. ಕರೆ ಬಂದದ್ದು ಇಬ್ಬರಿಗೂ. ಆಕೆಗೆ ಬರುವ ವಿದ್ಯೆ ಯಾವುದು ಎಂದು ಮಿಷನ್ ನಾಯಕರಿಗೆ ಮೊದಲ ವಾರವೇ ಹೇಳಿ, ಆಕೆಯದೇ ಆದ ಒಂದು ಜವಾಬ್ದಾರಿ ಕೇಳಿ ಪಡೆಯಬೇಕು. ಪಿಯಾನೋ ಕಲಿಸುವುದು, ಇಂಗ್ಲಿಷ್ ತರಗತಿ, ಹೊಲಿಗೆ, ಯಾವುದಾದರೂ ಸರಿ. ದಿನಕ್ಕೆ ಅರ್ಧ ಗಂಟೆ ಒಬ್ಬೊಬ್ಬರೇ ಇರಲು ಜಾಗವೂ ಬೇಕು, ಅದು ಮಹಡಿಯ ಮೆಟ್ಟಿಲಾದರೂ ಆದೀತು.

ಮೊಮ್ಮಕ್ಕಳನ್ನು ಬಿಟ್ಟು ಇರುವುದು ಹೇಗೆ?

ಎಲ್ಲಕ್ಕಿಂತ ಹೆಚ್ಚು ಮಂದಿ ಕೇಳುವುದು ಇದನ್ನೇ, ಎಲ್ಲಕ್ಕಿಂತ ಹೆಚ್ಚು ಮಂದಿ ಹಿಂಜರಿಯುವುದೂ ಇದಕ್ಕೇ. ಹೋದಾಗ ಅಂಬೆಗಾಲಿಡುತ್ತಿದ್ದ ಮಗು ಬರುವಾಗ ಓಡಾಡುತ್ತಿರುತ್ತದೆ. ಆ ಮೊದಲ ಹೆಜ್ಜೆಯನ್ನು ಇನ್ನೊಂದು ಸಲ ನೋಡಲಾಗದು. ಅದಕ್ಕೆ ಸಮಾಧಾನದ ಮಾತು ನನ್ನಲ್ಲಿಲ್ಲ.

ಮಾಡಬಹುದಾದದ್ದು ಇಷ್ಟು. ವಾರಕ್ಕೆ ಒಂದು ದಿನ, ಒಂದೇ ಹೊತ್ತು ಗೊತ್ತುಮಾಡಿ ವಿಡಿಯೋ ಕರೆ ಮಾಡಿ. ಕಾಲದ ಲೆಕ್ಕವನ್ನು ಗೋಡೆಯ ಮೇಲೆ ಬರೆದು ಅಂಟಿಸಿ. ಘಾನಾದ ಅಕ್ರಾದಲ್ಲಿ ರಾತ್ರಿ ಎಂಟಾದಾಗ ಯೂಟಾದಲ್ಲಿ ಬೇಸಿಗೆಯಾದರೆ ಮಧ್ಯಾಹ್ನ ಎರಡು, ಚಳಿಗಾಲವಾದರೆ ಒಂದು. ಸಮೋವಾದ ಲೆಕ್ಕ ಇನ್ನೂ ತಲೆ ತಿನ್ನುತ್ತದೆ. ಆ ದೇಶ ದಿನಾಂಕ ರೇಖೆಯ ಇನ್ನೊಂದು ಬದಿಗೆ ಸರಿಯಲು 2011ರ ಡಿಸೆಂಬರ್ 30ನ್ನೇ ಬಿಟ್ಟು ಮುಂದಕ್ಕೆ ಹೋಯಿತು. ಅಲ್ಲಿ ಭಾನುವಾರ ಮಧ್ಯಾಹ್ನ ಒಂದು ಗಂಟೆಗೆ ಸಭೆ ಮುಗಿಸಿ ಕೂತರೆ ಯೂಟಾದಲ್ಲಿ ಬೇಸಿಗೆಯ ಶನಿವಾರ ಸಂಜೆ ಆರು. ಮೊಮ್ಮಗನ ಹುಟ್ಟುಹಬ್ಬಕ್ಕೆ ಒಂದು ದಿನ ಮುಂಚೆ ಕರೆ ಮಾಡಿದ ಅಜ್ಜಂದಿರು ಇದ್ದೇ ಇದ್ದಾರೆ.

ಪರದೆಯ ಎದುರು ಐದು ವರ್ಷದ ಮಗು ಎರಡು ನಿಮಿಷಕ್ಕಿಂತ ಹೆಚ್ಚು ಕೂರುವುದಿಲ್ಲ. "ಹೇಗಿದ್ದೀಯ" ಎಂದು ಕೇಳಿದರೆ ಉತ್ತರ ಬರುವುದಿಲ್ಲ. ಇಬ್ಬರ ಕೈಯಲ್ಲೂ ಒಂದೇ ಕಥೆಪುಸ್ತಕ ಇರಲಿ, ವಾರಕ್ಕೆ ಎರಡು ಪುಟ ಓದಿ. ನಿಮ್ಮ ಮನೆಯ ಗೋಡೆಯ ಮೇಲಿನ ಹಲ್ಲಿಯನ್ನು ತೋರಿಸಿ. ಕಾಗದದ ಪತ್ರವನ್ನೂ ಬರೆಯಿರಿ, ಪ್ರತಿ ಮಗುವಿಗೂ ಬೇರೆ ಬೇರೆಯಾಗಿ, ಅವರ ಹೆಸರು ಹಾಕಿ.

ಊರಲ್ಲಿ ಸಾವು, ಮದುವೆ, ಹೆರಿಗೆ ಆದರೆ ಬರಲು ಬಿಡುತ್ತಾರೆಯೆ?

ಬಿಡುತ್ತಾರೆ. ಕುಟುಂಬದ ಮುಖ್ಯ ಸಂದರ್ಭಗಳಿಗೆ ಸ್ವಂತ ಖರ್ಚಿನಲ್ಲಿ ಸ್ವಲ್ಪ ದಿನದ ಮಟ್ಟಿಗೆ ಬಂದುಹೋಗಬಹುದು. ಮಿಷನ್ ಅಧ್ಯಕ್ಷರಿಗೆ ಹೇಳಿ ಹೊರಡಬೇಕು.

ತೊಂಬತ್ತರ ತಾಯಿ ಇನ್ನೂ ಇರುವವರು ಹೊರಡುವ ಮೊದಲು ಕಷ್ಟದ ಮಾತೊಂದನ್ನು ಆಡಿ ಮುಗಿಸಬೇಕು. ಅಮ್ಮನಿಗೆ ಏನಾದರೂ ಆದರೆ ನಾವು ತಲುಪುವವರೆಗೆ ಕಾಯುವುದೋ ಬೇಡವೋ, ಯಾರು ಮುಂದೆ ನಿಂತು ಮಾಡುತ್ತಾರೆ? ಅಣ್ಣತಮ್ಮಂದಿರ ಎದುರಿಗೆ, ತಾಯಿಗೆ ನೆನಪು ಚೆನ್ನಾಗಿದ್ದರೆ ತಾಯಿಯ ಎದುರಿಗೇ ಮಾತಾಡಿ. ವಾರಕ್ಕೆ ಎರಡೇ ವಿಮಾನವಿರುವ ದ್ವೀಪಗಳಲ್ಲಿ ಮಣ್ಣಿಗೆ ಸಮಯಕ್ಕೆ ತಲುಪುವುದು ಆಗದೇ ಹೋಗಬಹುದು.

ಒಂಟಿ ಮಹಿಳೆಯರ ಕಷ್ಟ ಬೇರೆಯೆ?

ಬೇರೆ. ಇನ್ನೊಬ್ಬ ಹಿರಿಯ ಮಹಿಳೆಯ ಜೊತೆ ಮನೆ ಹಂಚಿಕೊಳ್ಳಬೇಕು, ಅದೂ ಮೊದಲು ಕಂಡೇ ಇರದ ವ್ಯಕ್ತಿಯ ಜೊತೆ. ಅರವತ್ತು ದಾಟಿದ ಇಬ್ಬರಿಗೂ ಅಡುಗೆಮನೆಯ ಪದ್ಧತಿ, ಮಲಗುವ ಹೊತ್ತು, ಕಿಟಕಿ ತೆರೆಯುವ ಅಭ್ಯಾಸ ಗಟ್ಟಿಯಾಗಿ ಕೂತಿರುತ್ತದೆ. ಮೊದಲ ದಿನವೇ ಎರಡು ಮೂರು ವಿಷಯ ಬಾಯಿಬಿಟ್ಟು ಹೇಳಿಕೊಂಡರೆ ಮುಂದೆ ಸುಲಭ. ಗಂಡನನ್ನು ಕಳೆದುಕೊಂಡು ಒಂದೆರಡು ವರ್ಷಕ್ಕೇ ಹೊರಟವರಿಗೆ ಮದುವೆಯಾದ ದಿನ, ಸಾವಿನ ದಿನ ಪರದೇಶದಲ್ಲಿ ಬಂದಾಗ ತುಂಬ ಭಾರವಾಗುತ್ತದೆ. ಆ ತಾರೀಕುಗಳನ್ನು ಜೊತೆಗಾರ್ತಿಗೆ ಮೊದಲೇ ತಿಳಿಸಿರಿ.

ಧರ್ಮದ ಮಾತೇ ಆಡಬಾರದ ಕಡೆಯೂ ಹೋಗುತ್ತಾರೆಯೆ?

ಹೋಗುತ್ತಾರೆ. ಜೆರುಸಲೇಮ್‌ನಲ್ಲಿ ಈ ಸಭೆಯ ವಿಶ್ವವಿದ್ಯಾಲಯದ ಕೇಂದ್ರವಿದೆ. ಅಲ್ಲಿ ಮತಪ್ರಚಾರ ಮಾಡುವುದಿಲ್ಲ ಎಂದು ಇಸ್ರೇಲ್ ಜೊತೆ ಲಿಖಿತವಾಗಿ ಒಪ್ಪಿಕೊಂಡಿದ್ದಾರೆ, ಅಲ್ಲಿ ಸೇವೆ ಮಾಡುವ ಹಿರಿಯ ದಂಪತಿಗಳೂ ಅದಕ್ಕೆ ಬದ್ಧರು. ಯಾರಾದರೂ ತಾವಾಗಿ ಕೇಳಿದರೂ ವಿನಯದಿಂದ ನಿರಾಕರಿಸಬೇಕು. ಮಾನವೀಯ ನೆರವಿಗೆ ಹೋದವರಿಗೂ ಎಷ್ಟೋ ದೇಶಗಳಲ್ಲಿ ಇದೇ ನಿಯಮ. ಕೊಟ್ಟ ಮಾತನ್ನು ಅಕ್ಷರಶಃ ಪಾಲಿಸಬೇಕು. ಒಬ್ಬರು ಮೀರಿದರೆ ನಂಬಿಕೆ ಇಟ್ಟು ಒಳಗೆ ಬಿಟ್ಟವರಿಗೆ ದ್ರೋಹ ಬಗೆದಂತೆ ಎಂದೇ ನನ್ನ ಅಭಿಪ್ರಾಯ.

ಹೋದ ಮೇಲೆ ಕೆಲಸವೇ ಇಲ್ಲ ಎನಿಸಿದರೆ?

ಬಹಳ ಮಂದಿಗೆ ಎನಿಸುತ್ತದೆ, ಸಾಮಾನ್ಯವಾಗಿ ಆರನೆಯ ವಾರದ ಸುಮಾರಿಗೆ. ಹೊಸತು ಮುಗಿದಿರುತ್ತದೆ, ಕೆಲಸ ಇನ್ನೂ ಹಿಡಿತಕ್ಕೆ ಬಂದಿರುವುದಿಲ್ಲ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಫ್ಯಾನಿನ ಕೆಳಗೆ ಕೂತು, ನಾವು ಯಾಕೆ ಬಂದೆವು ಎಂದು ಒಬ್ಬರನ್ನೊಬ್ಬರು ಕೇಳಿಕೊಳ್ಳುತ್ತಾರೆ. ಇದನ್ನು ನಂಬಿಕೆಯ ಕೊರತೆ ಎಂದು ತಿಳಿದು ಮುಚ್ಚಿಡುವವರು ಹೆಚ್ಚು ನರಳುತ್ತಾರೆ. ಅದೇ ಊರಿನಲ್ಲಿ ನಿಮಗಿಂತ ಮೊದಲಿನಿಂದ ಇರುವ ಹಿರಿಯ ದಂಪತಿಗೆ ಫೋನ್ ಮಾಡಿ. ಅವರೂ ಇದನ್ನು ದಾಟಿಯೇ ಬಂದಿರುತ್ತಾರೆ. ವಾರಕ್ಕೆ ಮೂರು ಮನೆಗೆ ಭೇಟಿ ಎಂದು ಸಣ್ಣ ಗುರಿ ಇಟ್ಟುಕೊಳ್ಳಿ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ, ಹಸಿವು ಕೆಟ್ಟಿದ್ದರೆ ಅದು ಬೇಸರವಾಗಿ ಉಳಿದಿಲ್ಲ, ವೈದ್ಯಕೀಯ ಸಲಹೆಗಾರರಿಗೆ ಹೇಳಲೇಬೇಕು.

ಅವಧಿ ಮುಗಿಯುವ ಮೊದಲೇ ಮರಳಬೇಕಾದರೆ?

ಮರಳಿ. ಕಾಯಿಲೆ ಬರುತ್ತದೆ, ಮಗಳಿಗೆ ತೊಂದರೆಯಾಗುತ್ತದೆ, ದೇಶದಲ್ಲಿ ಗಲಭೆಯಾಗುತ್ತದೆ. 2020ರ ಮಾರ್ಚ್‌ನಲ್ಲಿ ಕೋವಿಡ್ ಹರಡಿದಾಗ ಹೊರದೇಶಗಳಲ್ಲಿದ್ದ ಮಿಷನರಿಗಳಲ್ಲಿ ಬಹುಪಾಲು ಮಂದಿಯನ್ನು ಕೆಲವೇ ವಾರಗಳಲ್ಲಿ ಊರಿಗೆ ಕರೆಸಿಕೊಂಡರು. ಪಾಸ್‌ಪೋರ್ಟ್, ಎರಡು ವಾರದ ಮಾತ್ರೆ, ಸ್ವಲ್ಪ ಡಾಲರ್ ನೋಟು, ಕನ್ನಡಕದ ಇನ್ನೊಂದು ಜೊತೆ ಇವನ್ನು ಒಂದು ಚೀಲದಲ್ಲಿ ಬಾಗಿಲ ಹತ್ತಿರವೇ ಇಟ್ಟುಕೊಂಡಿರಿ.

ವಾಪಸು ಬಂದ ಮೇಲೆ?

ಮೊದಲ ಕೆಲಸ ರಕ್ತಪರೀಕ್ಷೆ ಮತ್ತು ಹಲ್ಲಿನ ಡಾಕ್ಟರು. ಮಲೇರಿಯಾ ಇರುವ ದೇಶದಿಂದ ಬಂದವರಿಗೆ ಒಂದು ವರ್ಷದೊಳಗೆ ಯಾವಾಗ ಜ್ವರ ಬಂದರೂ ಎಲ್ಲಿಗೆ ಹೋಗಿದ್ದಿರಿ ಎಂಬುದನ್ನು ಡಾಕ್ಟರಿಗೆ ಹೇಳಿ. ತಡೆಮಾತ್ರೆಯನ್ನು ಹೇಳಿದಷ್ಟು ದಿನ ಊರಿಗೆ ಬಂದ ಮೇಲೂ ನುಂಗಬೇಕು, ಕೆಲವು ಬಗೆಯವು ನಾಲ್ಕು ವಾರ.

ಊರು ಬದಲಾ­ಗಿರುವುದಿಲ್ಲ, ಆದರೆ ಅಂಗಡಿಯಲ್ಲಿ ಇಪ್ಪತ್ತು ಬಗೆಯ ಬ್ರೆಡ್ಡಿನ ಎದುರು ನಿಂತು ಕಣ್ಣಲ್ಲಿ ನೀರು ಬರುತ್ತದೆ. ಮಕ್ಕಳು ಎರಡು ದಿನ ಕಥೆ ಕೇಳುತ್ತಾರೆ, ಮೂರನೆಯ ದಿನ ಅವರ ಕೆಲಸಕ್ಕೆ ಅವರು ಹೋಗುತ್ತಾರೆ. ಮಕ್ಕಳಲ್ಲಿ ನನ್ನದೊಂದು ಕೋರಿಕೆ: ಅಪ್ಪ ಅಮ್ಮ ಅದೇ ಬ್ರಾಂಚಿನ, ಅದೇ ಹುಡುಗರ ಮಾತನ್ನು ಐದನೆಯ ಸಲ ಎತ್ತಿದಾಗಲೂ ಕೂತು ಕೇಳಿ. ಹೆಸರುಗಳನ್ನು ಕಲಿಯಿರಿ. ಆ ಊರಿನಿಂದ ಅವರಿಗೆ ಫೋನ್ ಬಂದಾಗ ಟಿವಿ ಸದ್ದು ಕಡಿಮೆ ಮಾಡಿ.